ಮೊಲೊಕಾಯ್‌ನ ಸಂತ ಡೇಮಿಯನ್: ರೋಗಿಗಳಲ್ಲಿ ಒಬ್ಬರಾದ ಗುರು

ಮೇ 10ರಂದು ಧರ್ಮಸಭೆ ಸಂತ ಡೇಮಿಯನ್ನರನ್ನು ಸ್ಮರಿಸುತ್ತದೆ. ಕುಷ್ಠರೋಗಿಗಳ ಸೇವೆ ಮಾಡುತ್ತಾ ತಾವೂ ಅದೇ ರೋಗದಿಂದ ತೀರಿಕೊಂಡ ಗುರು ಎಂದು ಅವರ ಹೆಸರನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಅವರು ಯಾವ ಜನರ ನಡುವೆ ಬದುಕಿದರು, ಆ ಜನರ ರಕ್ತದ ಬಗ್ಗೆ ಲೋಕ ಏನು ಆಡಿಕೊಳ್ಳುತ್ತಿತ್ತು, ವೈದ್ಯರು ಅಲ್ಲಿ ಏನನ್ನು ಹುಡುಕಿದರು ಎಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ. ಕುಷ್ಠ ಬಂದ ಮನೆಗೆ ಹೆಣ್ಣು ಕೊಡಬಾರದು, ಆ ಮನೆಯಿಂದ ಹೆಣ್ಣು ತರಬಾರದು ಎಂಬ ಮಾತು ತಮಿಳು, ತೆಲುಗು, ಕನ್ನಡ ಮೂರೂ ಭಾಷೆಗಳಲ್ಲಿ ಇನ್ನೂ ಕೇಳಿಬರುವುದರಿಂದ, ಪಾಪಿರೆಡ್ಡಿಪಟ್ಟಿಯ ಕಡೆಯ ನಮಗೆ ಈ ಜೀವನಕಥೆ ದೂರದ್ದಲ್ಲ.

ಡೇಮಿಯನ್ನರ ಹುಟ್ಟುಹೆಸರು ಜೋಸೆಫ್ ಡಿ ವ್ಯೂಸ್ಟರ್. 1840ರ ಜನವರಿ 3ರಂದು ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ ರೈತ ಕುಟುಂಬವೊಂದರಲ್ಲಿ ಹುಟ್ಟಿದರು. ಅಣ್ಣನ ಹಾದಿಯಲ್ಲೇ ನಡೆದು ಯೇಸು ಮರಿಯರ ಪವಿತ್ರ ಹೃದಯಗಳ ಸಭೆಯನ್ನು ಸೇರಿದರು. ಹವಾಯಿ ದ್ವೀಪಗಳಿಗೆ ಹೊರಡಬೇಕಿದ್ದವರು ಅಣ್ಣ. ಅವರು ಟೈಫಸ್ ಜ್ವರದಿಂದ ಹಾಸಿಗೆ ಹಿಡಿದಾಗ, ಇನ್ನೂ ಗುರುದೀಕ್ಷೆ ಪಡೆಯದಿದ್ದ ತಮ್ಮ ಅವರ ಬದಲಿಗೆ ತನ್ನನ್ನು ಕಳಿಸಬೇಕೆಂದು ಹಿರಿಯರನ್ನು ಬೇಡಿಕೊಂಡರು. ತಿಂಗಳುಗಟ್ಟಲೆ ಹಡಗಿನ ಪ್ರಯಾಣ ಮಾಡಿ 1864ರ ಮಾರ್ಚ್ 19ರಂದು ಹೊನೊಲುಲು ತಲುಪಿದರು. ಅದೇ ವರ್ಷ ಮೇ 21ರಂದು ಅಲ್ಲಿನ ಪ್ರಧಾನಾಲಯದಲ್ಲಿ ಗುರುದೀಕ್ಷೆ ಪಡೆದರು.

ಹವಾಯಿಯ ಮೂಲ ಜನ ಪಾಲಿನೇಷ್ಯದವರು. ನೂರಾರು ವರ್ಷಗಳ ಹಿಂದೆ ದೋಣಿಗಳಲ್ಲಿ ಮಹಾಸಾಗರ ದಾಟಿ ಬಂದು ನೆಲೆಸಿದ ಅವರು ಹೊರಲೋಕದ ಸೋಂಕುಗಳನ್ನು ಕಂಡವರೇ ಅಲ್ಲ. 1778ರಲ್ಲಿ ಕ್ಯಾಪ್ಟನ್ ಕುಕ್ ಅವರ ಹಡಗುಗಳು ಬಂದ ಮೇಲೆ ಒಂದರ ಹಿಂದೆ ಒಂದು ರೋಗ ದ್ವೀಪಕ್ಕೆ ಇಳಿಯಿತು. ದಡಾರ, ನಾಯಿಕೆಮ್ಮು, ಸಿಡುಬು ಸಾವಿರಾರು ಜನರನ್ನು ಬಲಿ ತೆಗೆದುಕೊಂಡವು. 1872ರ ಜನಗಣತಿಯ ಹೊತ್ತಿಗೆ ಮೂಲ ಹವಾಯಿಯವರು ಸುಮಾರು 50 ಸಾವಿರಕ್ಕೆ ಇಳಿದಿದ್ದರು. ಕುಷ್ಠವೂ ಹೀಗೆ ಹೊರಗಿನಿಂದಲೇ ಬಂದದ್ದು. ಜನ ಅದನ್ನು ಬೇರ್ಪಡಿಸುವ ಕಾಯಿಲೆ ಎಂದು ಕರೆದರು. 1865ರಲ್ಲಿ ಐದನೆಯ ಕಮೆಹಮೆಹ ರಾಜರು ಸಹಿ ಹಾಕಿದ ಕಾನೂನು ರೋಗಿಗಳನ್ನು ಹಿಡಿದು ಬೇರೆಡೆಗೆ ಸಾಗಿಸುವ ಅಧಿಕಾರ ಕೊಟ್ಟಿತ್ತು. ಗಂಡನನ್ನು ಹೆಂಡತಿಯಿಂದ, ಮಗುವನ್ನು ತಾಯಿಯಿಂದ ಬಿಡಿಸಿ ಮೊಲೊಕಾಯ್ ದ್ವೀಪದ ಉತ್ತರ ತುದಿಗೆ ಒಯ್ದು ಬಿಡಲಾಗುತ್ತಿತ್ತು. ಆ ಜಾಗಕ್ಕೆ ಮೂರು ಕಡೆ ಕಡಲು, ನಾಲ್ಕನೆಯ ಕಡೆ ನೂರಾರು ಮೀಟರ್ ಎತ್ತರದ ಬಂಡೆಗೋಡೆ. ಮೊದಲ ತಂಡ 1866ರ ಜನವರಿಯಲ್ಲಿ ಅಲ್ಲಿಗೆ ಹೋಯಿತು. ಮುಂದಿನ ನೂರು ವರ್ಷಗಳಲ್ಲಿ ಸುಮಾರು 8 ಸಾವಿರ ಜನ ಅಲ್ಲಿಗೆ ಹೋದರು. ಅವರಲ್ಲಿ ಬಹುಪಾಲು ಮೂಲ ಹವಾಯಿಯವರು.

1873ರಲ್ಲಿ ಬಿಷಪ್ ಮೈಗ್ರೆ ಅವರು ಅಲ್ಲಿಗೆ ಯಾರು ಹೋಗುತ್ತೀರೆಂದು ಗುರುಗಳನ್ನು ಕೇಳಿದಾಗ ನಾಲ್ವರು ಮುಂದೆ ಬಂದರು. ಸರದಿಯ ಪ್ರಕಾರ ಹೋಗಿಬರುವುದೆಂದು ಮಾತಾಯಿತು. ಮೊದಲ ಸರದಿ ಡೇಮಿಯನ್ನರದು. ಮೇ 10ರಂದು ಅವರು ಅಲ್ಲಿ ಇಳಿದಾಗ ಸುಮಾರು 800 ರೋಗಿಗಳಿದ್ದರು. ಅವರ ಸರದಿ ಹದಿನಾರು ವರ್ಷ ಮುಂದುವರಿಯಿತು. ಮೊದಲ ರಾತ್ರಿಗಳನ್ನು ಅವರು ಮರದಡಿ ಕಳೆದರು. ರೋಗಿಗಳ ಜೊತೆಗೂಡಿ ಮನೆಗಳನ್ನು ಕಟ್ಟಿದರು, ನೀರಿನ ಕೊಳವೆ ಎಳೆದರು, ಸಂತ ಫಿಲೊಮಿನಾ ದೇವಾಲಯವನ್ನು ದೊಡ್ಡದು ಮಾಡಿದರು. ಹುಣ್ಣುಗಳನ್ನು ತೊಳೆದು ಕಟ್ಟಿದರು. ಶವಪೆಟ್ಟಿಗೆಗಳನ್ನು ತಾವೇ ಮಾಡಿದರು, ಗುಂಡಿಗಳನ್ನು ತಾವೇ ತೋಡಿದರು. ಕೆಸುವಿನ ಗೆಡ್ಡೆಯನ್ನು ಬೇಯಿಸಿ ಜಜ್ಜಿ ಮಾಡುವ ಪೊಯಿ ಅಲ್ಲಿನವರಿಗೆ ನಮ್ಮ ರಾಗಿಮುದ್ದೆ ಇದ್ದ ಹಾಗೆ. ರೋಗಿಗಳು ಬೆರಳದ್ದಿ ತಿನ್ನುವ ಅದೇ ಬೋಗುಣಿಯಿಂದ ಅವರೂ ತಿಂದರು. ಪ್ರಸಂಗ ಮಾಡುವಾಗ ಮೊದಲ ವರ್ಷದಿಂದಲೇ ಅವರು ತಮ್ಮನ್ನೂ ಕುಷ್ಠರೋಗಿಗಳ ಲೆಕ್ಕಕ್ಕೆ ಸೇರಿಸಿಕೊಂಡು ಮಾತಾಡುತ್ತಿದ್ದರು.

ಡೇಮಿಯನ್ನರು ಮೊಲೊಕಾಯ್‌ಗೆ ಹೋದ ಅದೇ 1873ರಲ್ಲಿ ನಾರ್ವೆಯ ಬೆರ್ಗೆನ್ ಊರಿನ ವೈದ್ಯ ಹ್ಯಾನ್ಸೆನ್ ಕುಷ್ಠದ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅಲ್ಲಿಯವರೆಗೆ ದೊಡ್ಡ ದೊಡ್ಡ ವೈದ್ಯರೇ ಕುಷ್ಠವು ರಕ್ತದಲ್ಲಿ ವಂಶಪಾರಂಪರ್ಯವಾಗಿ ಬರುವ ರೋಗವೆಂದು ನಂಬಿದ್ದರು. ರೋಗಾಣುವನ್ನು ಕಂಡ ಮೇಲೂ ಅದೇ ರೋಗಕ್ಕೆ ಕಾರಣವೆಂದು ಸಾಬೀತು ಮಾಡುವುದು ಸುಲಭವಾಗಲಿಲ್ಲ. ಆ ಅವಸರದಲ್ಲಿ ತಪ್ಪುಗಳು ನಡೆದವು. 1879ರಲ್ಲಿ ಹ್ಯಾನ್ಸೆನ್ನರು ಒಬ್ಬ ಹೆಂಗಸಿನ ಒಪ್ಪಿಗೆ ಇಲ್ಲದೆ ಅವಳ ಕಣ್ಣಿಗೆ ರೋಗದ ಅಂಶವನ್ನು ಚುಚ್ಚಿದರು. ನ್ಯಾಯಾಲಯ ಅವರನ್ನು ಆಸ್ಪತ್ರೆಯ ಹುದ್ದೆಯಿಂದ ತೆಗೆಯಿತು. ಹವಾಯಿಯಲ್ಲಿ ಜರ್ಮನ್ ವೈದ್ಯ ಆರ್ನಿಂಗ್ 1884ರಲ್ಲಿ ಕೆಯಾನು ಎಂಬ ಕೈದಿಯ ತೋಳಿಗೆ ಕುಷ್ಠದ ಗಂಟನ್ನು ಸೇರಿಸಿ ಹೊಲಿದರು. ಒಪ್ಪಿಕೊಂಡಿದ್ದಕ್ಕೆ ಅವನ ಮರಣದಂಡನೆ ರದ್ದಾಗಿತ್ತು. ಕೆಲವು ವರ್ಷಗಳಲ್ಲಿ ಅವನಿಗೆ ಕುಷ್ಠ ಬಂತು. 1892ರಲ್ಲಿ ಮೊಲೊಕಾಯ್‌ನಲ್ಲಿ ತೀರಿಕೊಂಡ. ಆದರೆ ಅವನ ನೆಂಟರಲ್ಲೂ ರೋಗವಿದ್ದದ್ದು ಆಮೇಲೆ ತಿಳಿದುಬಂತು. ಪ್ರಯೋಗದಿಂದ ಯಾವುದೂ ಸಾಬೀತಾಗಲಿಲ್ಲ.

1884ರ ಡಿಸೆಂಬರಿನಲ್ಲಿ ಒಂದು ದಿನ ಡೇಮಿಯನ್ನರು ಬಿಸಿನೀರಿನಲ್ಲಿ ಕಾಲಿಟ್ಟರು. ಚರ್ಮ ಸುಟ್ಟು ಬೊಬ್ಬೆ ಎದ್ದರೂ ನೋವೇ ಆಗಲಿಲ್ಲ. ಮುಂದಿನ ವರ್ಷ ವೈದ್ಯರು ಪರೀಕ್ಷಿಸಿ ಕುಷ್ಠವೆಂದು ಖಚಿತಪಡಿಸಿದರು. ಪ್ರಸಂಗದಲ್ಲಿ ಹಿಂದಿನಿಂದ ಆಡುತ್ತಿದ್ದ ಮಾತನ್ನು ಬದಲಿಸುವ ಅಗತ್ಯವೇ ಬರಲಿಲ್ಲ. ಕಡೆಯ ವರ್ಷಗಳಲ್ಲಿ ಸಹೋದರ ಡಟ್ಟನ್, ಮಾತೆ ಮೇರಿಯಾನ್ ಕೋಪ್ ಮತ್ತು ಅವರ ಸಹೋದರಿಯರು ನೆರವಿಗೆ ಬಂದರು. 1889ರ ಏಪ್ರಿಲ್ 15ರಂದು, 49ರ ಹರೆಯದಲ್ಲಿ, ಡೇಮಿಯನ್ನರು ಕಣ್ಣುಮುಚ್ಚಿದರು. ದುರ್ನಡತೆಯಿಂದಲೇ ಅವರಿಗೆ ರೋಗ ಬಂತೆಂದು ಹೊನೊಲುಲುವಿನ ಒಬ್ಬ ಪಾದ್ರಿ ಬರೆದರು. ಆ ವರ್ಷವೇ ಮೊಲೊಕಾಯ್‌ಗೆ ಹೋಗಿ ವಿಚಾರಿಸಿ ಬಂದಿದ್ದ ಲೇಖಕ ಸ್ಟೀವನ್‌ಸನ್, ತಾವು ಕ್ಯಾಥೋಲಿಕರಲ್ಲದಿದ್ದರೂ, 1890ರಲ್ಲಿ ಬಹಿರಂಗ ಪತ್ರ ಬರೆದು ಆ ಅಪವಾದವನ್ನು ಖಂಡಿಸಿದರು.

ಈಗ ಯೋಚಿಸೋಣ. ಕುಷ್ಠ ಪಾಲಿನೇಷ್ಯದವರ ರಕ್ತದ ದೋಷವಾಗಿದ್ದರೆ ಬೆಲ್ಜಿಯಂನ ರೈತನ ಮಗನಿಗೆ ಅದು ಬಂದದ್ದು ಹೇಗೆ? ಮುಟ್ಟಿದವರಿಗೆಲ್ಲ ಬರುವ ರೋಗವಾಗಿದ್ದರೆ ಮಾತೆ ಮೇರಿಯಾನ್ ಮೂವತ್ತು ವರ್ಷ ಸೇವೆ ಮಾಡಿಯೂ ರೋಗ ತಗಲಿಸಿಕೊಳ್ಳದೆ ಉಳಿದದ್ದು ಹೇಗೆ? ಗಂಡನ ಜೊತೆ ತಾವಾಗಿಯೇ ಗಡೀಪಾರಾಗಿ ಹೋದ ಹೆಂಡತಿಯರಲ್ಲಿ, ಮಗನ ಜೊತೆ ಹೋದ ತಾಯಂದಿರಲ್ಲಿ ಹೆಚ್ಚಿನವರಿಗೆ ರೋಗ ಬರಲೇ ಇಲ್ಲ. ಇವತ್ತಿನ ವಿಜ್ಞಾನ ಇದಕ್ಕೆ ಉತ್ತರ ಕೊಟ್ಟಿದೆ. ರೋಗಾಣುವಿಲ್ಲದೆ ಕುಷ್ಠವಿಲ್ಲ. ನೂರರಲ್ಲಿ 95ಕ್ಕೂ ಹೆಚ್ಚು ಜನರ ದೇಹ ಅದನ್ನು ತಾನಾಗಿಯೇ ತಡೆಯುತ್ತದೆ. ಉಳಿದ ಕೆಲವರಲ್ಲಿ ತಡೆಯುವ ಶಕ್ತಿ ಕಡಿಮೆ ಇರುವುದಕ್ಕೆ ವಂಶವಾಹಿಗಳೂ ಒಂದು ಕಾರಣ. ಅಂಥ ವಂಶವಾಹಿಗಳನ್ನು ಹುಡುಕಿದ್ದು ನಮ್ಮ ಜನರಲ್ಲೂ ಹೌದು. 2001ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಕುಟುಂಬಗಳ ಅಧ್ಯಯನವೊಂದು 10ನೆಯ ಕ್ರೋಮೋಸೋಮಿನಲ್ಲಿ ಅಂಥ ಒಂದು ಜಾಗವನ್ನು ತೋರಿಸಿಕೊಟ್ಟಿತು. ಈ ದೌರ್ಬಲ್ಯ ಒಂದು ಜನಾಂಗದ್ದಲ್ಲ, ಒಂದು ಜಾತಿಯದ್ದಲ್ಲ. ಎಲ್ಲ ಜನರಲ್ಲೂ ಕೆಲವರಿಗೆ ಇರುತ್ತದೆ.

ಇನ್ನೊಂದು ಸಂಗತಿಯೂ ನೆನಪಿಡುವಂಥದ್ದು. 1909ರಲ್ಲಿ ಅಮೆರಿಕ ಸರ್ಕಾರ ಡೇಮಿಯನ್ನರು ಬದುಕಿದ್ದ ಕಲವಾವೊದಲ್ಲೇ ಭಾರಿ ಹಣ ಸುರಿದು ಕುಷ್ಠ ಸಂಶೋಧನಾ ಆಸ್ಪತ್ರೆ ತೆರೆಯಿತು. ಬೇಲಿಯ ಒಳಗೆ, ತಮ್ಮವರಿಂದ ಮತ್ತೆ ದೂರವಾಗಿ ಇರಬೇಕಿದ್ದ ಆ ಜಾಗಕ್ಕೆ ಬರಲು ಒಪ್ಪಿದವರು ಒಂಬತ್ತೇ ಜನ. 1913ರಲ್ಲಿ ಅದು ಮುಚ್ಚಿಹೋಯಿತು. ಒಂದೇ ಬೋಗುಣಿಯಿಂದ ಉಂಡವರ ಬಳಿಗೆ ಜನ ಬಂದಿದ್ದರು. ದೂರ ನಿಂತು ನೋಡುವವರ ಬಳಿಗೆ ಬರಲಿಲ್ಲ.

ನಮ್ಮ ಹಳೆಯ ಸೇಲಂ ಜಿಲ್ಲೆಯ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಡಾಕ್ಟರ್ ಪಾಲ್ ಬ್ರ್ಯಾಂಡ್ ಮುಂದೆ ವೆಲ್ಲೂರಿನಲ್ಲಿ ರೋಗಿಗಳ ಕೈ ಹಿಡಿದೇ ಪರೀಕ್ಷೆ ಮಾಡಿದರು. ಬೆರಳುಗಳು ರೋಗದಿಂದ ತಾನಾಗಿ ಕೊಳೆತು ಬೀಳುವುದಿಲ್ಲ, ನೋವು ತಿಳಿಯದೆ ಆಗುವ ಗಾಯ, ಸುಟ್ಟಗಾಯಗಳಿಂದ ಹಾಳಾಗುತ್ತವೆ ಎಂದು ತೋರಿಸಿಕೊಟ್ಟರು. ಡೇಮಿಯನ್ನರ ಸುಟ್ಟ ಕಾಲಿನ ಗುಟ್ಟೂ ಇದೇ.

ಹವಾಯಿಯ ಗಡೀಪಾರು ಕಾನೂನು 1969ರಲ್ಲಿ ಹೋಯಿತು. ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2009ರ ಅಕ್ಟೋಬರ್ 11ರಂದು ಡೇಮಿಯನ್ನರನ್ನು ಸಂತರೆಂದು ಘೋಷಿಸಿದರು. ನಮ್ಮ ದೇಶದಲ್ಲಿ ಕುಷ್ಠದ ಕಾರಣಕ್ಕೆ ವಿಚ್ಛೇದನ ಕೊಡುವ ಅವಕಾಶವನ್ನು 2019ರಲ್ಲಷ್ಟೇ ಕಾನೂನಿನಿಂದ ತೆಗೆದುಹಾಕಲಾಯಿತು. ಕಾನೂನು ಬದಲಾಗಿದೆ, ಮನಸ್ಸುಗಳೂ ಬದಲಾಗಬೇಕು. ಮೈಮೇಲೆ ಬಣ್ಣಗೆಟ್ಟ, ಮುಟ್ಟಿದರೆ ಗೊತ್ತಾಗದ ಮಚ್ಚೆ ಕಂಡರೆ ಮುಚ್ಚಿಡದೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ಮಾತ್ರೆಗಳು ಉಚಿತ. ಆರು ತಿಂಗಳು ಅಥವಾ ಒಂದು ವರ್ಷ ತಪ್ಪದೆ ತೆಗೆದುಕೊಂಡರೆ ರೋಗ ಪೂರ್ತಿ ಗುಣವಾಗುತ್ತದೆ. ಮಾತ್ರೆ ಆರಂಭಿಸಿದ ಮೇಲೆ ಬೇರೆಯವರಿಗೆ ಹರಡುವ ಭಯವೂ ಬೇಗ ನಿಲ್ಲುತ್ತದೆ. ಗುಣವಾದವರ ಮನೆಯಲ್ಲಿ ಉಣ್ಣಲು, ಆ ಮನೆಯ ಜೊತೆ ಸಂಬಂಧ ಬೆಳೆಸಲು ಹಿಂಜರಿಯುವವರು ಡೇಮಿಯನ್ನರ ಆ ಒಂದು ಬೋಗುಣಿಯನ್ನು ನೆನೆಯಲಿ.