ತನ್ನ ಹೆಸರನ್ನೇ ಕಳೆದುಕೊಂಡ ಇಂಜಿನಿಯರ್

ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ಕಾರಿನ ಮಾತು ಶುರುವಾದರೆ ಅದು ಹೋಗಿ ನಿಲ್ಲೋದು ಒಂದೇ ಕಡೆ. ಇಸಿಯು ರೀಮ್ಯಾಪ್ ಮಾಡಿಸಿದ್ರೆ ಎಷ್ಟು ಬಿಎಚ್‌ಪಿ ಜಾಸ್ತಿ ಬರುತ್ತೆ, ದೊಡ್ಡ ಟರ್ಬೊ ಹಾಕಿದ್ರೆ ಪಿಸ್ಟನ್ ತಡಿಯುತ್ತಾ, ಅಷ್ಟೇ. ನಮ್ಮಲ್ಲಿ ಯಾರ ಹತ್ರಾನೂ ಬೆಂಟ್ಲಿ ಕಾರಿಲ್ಲ, ಹಾಗಂತ ಚರ್ಚೆ ಮಾತ್ರ ನಿಂತಿಲ್ಲ. ಆದರೆ ಆ ರೆಕ್ಕೆಗಳ ನಡುವಿನ 'ಬಿ' ಅಕ್ಷರದ ಹಿಂದೆ ಒಬ್ಬ ಮನುಷ್ಯ ಇದ್ದ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಇಂಜಿನ್ ಟ್ಯೂನಿಂಗ್ ಅಂದರೆ ಏನು ಅನ್ನೋದರ ಬಗ್ಗೆ ಆತ ಬಹಳ ಗಟ್ಟಿಯಾದ ಅಭಿಪ್ರಾಯ ಇಟ್ಟುಕೊಂಡಿದ್ದರು. ಆ ಅಭಿಪ್ರಾಯಕ್ಕೆ ವಿರುದ್ಧವಾಗಿ ಹುಟ್ಟಿದ ಕಾರೇ ಇವತ್ತು ಅವರ ಹೆಸರಿನಲ್ಲಿ ಎಲ್ಲಕ್ಕಿಂತ ಪ್ರಸಿದ್ಧ.

ವಾಲ್ಟರ್ ಓವೆನ್ ಬೆಂಟ್ಲಿ ಹುಟ್ಟಿದ್ದು 1888ರ ಸೆಪ್ಟೆಂಬರ್ 16ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ಒಂಬತ್ತು ಮಕ್ಕಳಲ್ಲಿ ಕೊನೆಯವರು. ಎಲ್ಲರೂ ಅವರನ್ನು ಕರೀತಿದ್ದದ್ದು ಡಬ್ಲ್ಯೂ.ಓ. ಅಂತ. ಹುಡುಗನಿಗೆ ಕಾರಿನ ಹುಚ್ಚಿರಲಿಲ್ಲ, ರೈಲಿನ ಹುಚ್ಚು. ಹದಿನಾರನೇ ವಯಸ್ಸಿಗೆ ಶಾಲೆ ಮುಗಿಸಿ ಡಾನ್‌ಕಾಸ್ಟರ್‌ನ ಗ್ರೇಟ್ ನಾರ್ದರ್ನ್ ರೈಲ್ವೆ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಸೇರಿದರು. ಐದು ವರ್ಷ ಎರಕ, ಫಿಟ್ಟಿಂಗ್, ಮಶೀನಿಂಗ್ ಎಲ್ಲ ಕೈಯಾರೆ ಮಾಡಿ ಕಲಿತರು. ಕೊನೆಕೊನೆಗೆ ಫೈರ್‌ಮನ್ ಆಗಿ ಎಕ್ಸ್‌ಪ್ರೆಸ್ ರೈಲುಗಳ ಇಂಜಿನ್ ಮೇಲೇ ನಿಂತರು. ಲಂಡನ್ನಿಂದ ಲೀಡ್ಸ್‌ಗೆ ಹೋಗಿ ವಾಪಸ್ ಬರೋ ಒಂದು ದಿನ, ಸುಮಾರು 400 ಮೈಲಿ, ಏಳು ಟನ್‌ನಷ್ಟು ಕಲ್ಲಿದ್ದಲು ಸಲಿಕೆಯಲ್ಲಿ ಎತ್ತಿ ಹಾಕಬೇಕು. ನಮ್ಮ ಇಂಟರ್ನ್‌ಶಿಪ್ ಎಲ್ಲ ನೆನಪಾಗಿ ಸ್ವಲ್ಪ ನಾಚಿಕೆ ಆಯ್ತು.

ರೈಲ್ವೆಯಲ್ಲಿ ಸಂಬಳ ಕಡಿಮೆ, ಮೇಲೇರೋಕೆ ದಾರಿ ಇಲ್ಲ ಅಂತ 1910ರಲ್ಲಿ ಅದನ್ನು ಬಿಟ್ಟರು. ಅಷ್ಟರಲ್ಲಿ ಬೈಕ್ ರೇಸ್ ಚಟ ಹತ್ತಿತ್ತು. ಐಲ್ ಆಫ್ ಮ್ಯಾನ್ ಟಿಟಿಯಲ್ಲಿ ಎರಡು ಸಲ ಓಡಿಸಿದ್ದರು. ಆಮೇಲೆ ಲಂಡನ್ನಿನ ಒಂದು ಟ್ಯಾಕ್ಸಿ ಕಂಪನಿಯಲ್ಲಿ 250 ಯುನಿಕ್ ಕ್ಯಾಬ್‌ಗಳನ್ನು ನೋಡಿಕೊಳ್ಳೋ ಕೆಲಸ. 1912ರಲ್ಲಿ ಅಣ್ಣ ಎಚ್.ಎಂ. ಜೊತೆ ಸೇರಿ ಡಿ.ಎಫ್.ಪಿ. ಅನ್ನೋ ಫ್ರೆಂಚ್ ಕಾರಿನ ಏಜೆನ್ಸಿ ತಗೊಂಡರು. ಕಾರೇನೋ ಚೆನ್ನಾಗಿತ್ತು, ಆದರೆ ಇಂಗ್ಲೆಂಡಿನಲ್ಲಿ ಯಾರಿಗೂ ಅದರ ಹೆಸರೇ ಗೊತ್ತಿಲ್ಲ. ಮಾರಬೇಕಂದ್ರೆ ರೇಸ್ ಗೆಲ್ಲಬೇಕು, ಗೆಲ್ಲಬೇಕಂದ್ರೆ ಎರಡು ಲೀಟರಿನ ಆ ಇಂಜಿನ್‌ನಿಂದ ಇನ್ನಷ್ಟು ಶಕ್ತಿ ಹಿಂಡಬೇಕು.

1913ರಲ್ಲಿ ಪ್ಯಾರಿಸ್ ಹತ್ತಿರದ ಡಿ.ಎಫ್.ಪಿ. ಕಾರ್ಖಾನೆಗೆ ಹೋದಾಗ ಅಲ್ಲಿನ ಮೇಜಿನ ಮೇಲೆ ಒಂದು ಪೇಪರ್‌ವೇಟ್ ಕಂಡಿತು. ಪಿಸ್ಟನ್ ಆಕಾರದ್ದು, ಅಲ್ಯೂಮಿನಿಯಂನದ್ದು. ಬರೀ ಅಲಂಕಾರದ ವಸ್ತು. ಬೆಂಟ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದರು, ಅಷ್ಟೇ, ತಲೆಯಲ್ಲಿ ಹುಳ ಹೊಕ್ಕಿತು.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಇಡೀ ಕಥೆಯ ತಿರುಳು ಇಲ್ಲೇ ಇದೆ. ಆಗಿನ ಪಿಸ್ಟನ್‌ಗಳು ಎರಕದ ಕಬ್ಬಿಣ ಅಥವಾ ಉಕ್ಕಿನವು. ಪಿಸ್ಟನ್ ಪ್ರತಿ ಸ್ಟ್ರೋಕ್‌ನ ತುದಿಯಲ್ಲಿ ನಿಂತು ತಿರುಗಬೇಕು. ಆ ಬಲ ತೂಕಕ್ಕೆ ನೇರವಾಗಿ, ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತೆ. ಎರಡನೇ ಸೆಮ್‌ನ ಎಂ ಆರ್ ಒಮೆಗಾ ಸ್ಕ್ವೇರ್, ಮರೆತಿಲ್ಲ ತಾನೆ? ಪಿಸ್ಟನ್ ಹಗುರಾದರೆ ಅದೇ ಕನೆಕ್ಟಿಂಗ್ ರಾಡ್, ಅದೇ ಬೇರಿಂಗ್ ಇಟ್ಟುಕೊಂಡು ಆರ್‌ಪಿಎಂ ಏರಿಸಬಹುದು. ಎರಡನೇ ಲಾಭ ಇನ್ನೂ ದೊಡ್ಡದು. ಅಲ್ಯೂಮಿನಿಯಂ ಶಾಖವನ್ನು ಕಬ್ಬಿಣಕ್ಕಿಂತ ಸುಮಾರು ಮೂರು ಪಟ್ಟು ಚೆನ್ನಾಗಿ ಸಾಗಿಸುತ್ತೆ. ಪಿಸ್ಟನ್ ತಲೆ ತಣ್ಣಗಿದ್ದಷ್ಟೂ ಮಿಶ್ರಣ ತಾನಾಗೇ ಹೊತ್ತಿಕೊಳ್ಳೋ ಭಯ ಕಡಿಮೆ, ಹಾಗಾಗಿ ಕಂಪ್ರೆಶನ್ ರೇಶಿಯೊ ಏರಿಸಬಹುದು. ಹಾಗಿದ್ರೆ ಎಲ್ಲರೂ ಯಾಕೆ ಮಾಡ್ತಿರಲಿಲ್ಲ? ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತೆ, ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತೆ. ಜೊತೆಗೆ ಬಿಸಿಯಾದರೆ ಕರಗಿ ಒಡೆದು ಹೋಗುತ್ತೆ ಅನ್ನೋ ಹೆದರಿಕೆ. ಬೆಂಟ್ಲಿ 88 ಭಾಗ ಅಲ್ಯೂಮಿನಿಯಂಗೆ 12 ಭಾಗ ತಾಮ್ರ ಬೆರೆಸಿದ ಮಿಶ್ರಲೋಹ ಬಳಸಿ, ಬಿಸಿಯಲ್ಲಿ ಹಿಗ್ಗೋದಕ್ಕೆ ಜಾಗ ಬಿಟ್ಟು ಪಿಸ್ಟನ್ ಮಾಡಿಸಿದರು. ಕೆಲಸ ಮಾಡಿತು. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ತನ್ನ ವರ್ಗದ ದಾಖಲೆಗಳು ಆ ಪುಟ್ಟ ಡಿ.ಎಫ್.ಪಿ. ಪಾಲಾದವು. 1914ರ ಟಿಟಿ ಕಾರ್ ರೇಸ್‌ನಲ್ಲಿ, ತನಗಿಂತ ದೊಡ್ಡ ಇಂಜಿನ್‌ಗಳ ನಡುವೆ, ಬೆಂಟ್ಲಿ ಆರನೆಯವರಾಗಿ ಬಂದರು.

ಬಾನೆಟ್ ಒಳಗೆ ಏನಿದೆ ಅಂತ ಅವರು ಯಾರಿಗೂ ಹೇಳಿರಲಿಲ್ಲ. ಯುದ್ಧ ಶುರುವಾದಾಗ ಮಾತ್ರ ಆ ಗುಟ್ಟನ್ನು ಜೇಬಲ್ಲಿ ಇಟ್ಟುಕೊಳ್ಳಲಿಲ್ಲ. ನೌಕಾಪಡೆಯ ವಿಮಾನ ವಿಭಾಗಕ್ಕೆ ಹೋಗಿ ವಿಷಯ ತಿಳಿಸಿದರು. ಅವರು ಇವರನ್ನು ರೋಲ್ಸ್ ರಾಯ್ಸ್‌ಗೆ, ಸನ್‌ಬೀಮ್‌ಗೆ ಕಳಿಸಿದರು. ರೋಲ್ಸ್ ರಾಯ್ಸ್‌ನ ಮೊದಲ ವಿಮಾನ ಇಂಜಿನ್ ಈಗಲ್‌ಗೆ ಅಲ್ಯೂಮಿನಿಯಂ ಪಿಸ್ಟನ್ ಹೋಗಿದ್ದು ಹೀಗೆ. ಮುಂದೆ ಇದೇ ಕಂಪನಿ ಬೆಂಟ್ಲಿಗೆ ಏನು ಮಾಡ್ತು ಅನ್ನೋದು ಓದುವಾಗ ಈ ಮಾತು ನೆನಪಿರಲಿ.

ನಂತರದ ಕೆಲಸ ಕ್ಲೆರ್ಜೆ ರೋಟರಿ ಇಂಜಿನ್ ಮೇಲೆ. ಇದರಲ್ಲಿ ಕ್ರ್ಯಾಂಕ್‌ಶಾಫ್ಟ್ ನಿಂತಿರುತ್ತೆ, ಸಿಲಿಂಡರ್‌ಗಳೇ ಪ್ರೊಪೆಲ್ಲರ್ ಜೊತೆ ಗಿರಗಿರ ತಿರುಗುತ್ತವೆ. ಗಾಳಿಗೆ ಎದುರಾದ ಬದಿ ತಣ್ಣಗೆ, ಹಿಂಬದಿ ಬಿಸಿ. ಸಿಲಿಂಡರ್ ಗುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿ ಆಕಾಶದಲ್ಲೇ ಇಂಜಿನ್ ಕೈಕೊಡ್ತಿತ್ತು. ಪೈಲಟ್‌ಗಳ ಜೀವದ ಪ್ರಶ್ನೆ. ಬೆಂಟ್ಲಿ ಅಲ್ಯೂಮಿನಿಯಂ ಸಿಲಿಂಡರ್ ಒಳಗೆ ಎರಕದ ಕಬ್ಬಿಣದ ಲೈನರ್ ಕೂರಿಸಿದರು. ಇವತ್ತಿಗೂ ಎಷ್ಟೋ ಇಂಜಿನ್‌ಗಳ ಬ್ಲಾಕ್ ಇದೇ ರೀತಿ. ಕವೆಂಟ್ರಿಯ ಹಂಬರ್ ಕಾರ್ಖಾನೆಯಲ್ಲಿ ತಯಾರಾದ ಆ ಬಿ.ಆರ್.1 ಇಂಜಿನ್ 150 ಅಶ್ವಶಕ್ತಿ ಕೊಟ್ಟು ಸಾಪ್‌ವಿತ್ ಕ್ಯಾಮೆಲ್ ವಿಮಾನಕ್ಕೆ ಹೋಯಿತು, ಅದರ ಅಣ್ಣ ಬಿ.ಆರ್.2 ಸ್ನೈಪ್‌ಗೆ. ಯುದ್ಧ ಮುಗಿದ ಮೇಲೆ ಸರ್ಕಾರ 8,000 ಪೌಂಡ್ ಬಹುಮಾನ ಕೊಟ್ಟಿತು. ಆದರೆ 1914ರ ಹೊಸ ವರ್ಷದ ದಿನ ಮದುವೆಯಾಗಿದ್ದ ಹೆಂಡತಿ ಲಿಯೊನಿ 1919ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡರು. ಅದೇ ವರ್ಷ ಬೆಂಟ್ಲಿ ಮೋಟರ್ಸ್ ಶುರುವಾಯಿತು.

ಮೊದಲ ಕಾರು 3 ಲೀಟರ್. ನಾಲ್ಕು ಸಿಲಿಂಡರ್, 80 ಮಿ.ಮೀ. ಬೋರ್, 149 ಮಿ.ಮೀ. ಸ್ಟ್ರೋಕ್. ಇಷ್ಟುದ್ದ ಸ್ಟ್ರೋಕ್ ಯಾಕೆ ಅಂದ್ರೆ, ಆಗಿನ ಬ್ರಿಟಿಷ್ ಕಾರು ತೆರಿಗೆ ಬೋರ್ ನೋಡಿ ಲೆಕ್ಕ ಹಾಕ್ತಿತ್ತು, ಸ್ಟ್ರೋಕ್ ಕೇಳೋರೇ ಇರಲಿಲ್ಲ. ಸಿಲಿಂಡರಿಗೆ ನಾಲ್ಕು ವಾಲ್ವ್, ಎರಡು ಸ್ಪಾರ್ಕ್ ಪ್ಲಗ್, ಮೇಲೆ ಕ್ಯಾಮ್‌ಶಾಫ್ಟ್. ಹೆಡ್ ಮತ್ತು ಬ್ಲಾಕ್ ಒಂದೇ ಎರಕ, ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗೋ ತಲೆನೋವೇ ಇಲ್ಲ. ಕೂತು ಲೆಕ್ಕ ಹಾಕಿದೆ: 3,500 ಆರ್‌ಪಿಎಂನಲ್ಲಿ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 17 ಮೀಟರ್ ದಾಟುತ್ತೆ, ತುದಿಯಲ್ಲಿ ವೇಗೋತ್ಕರ್ಷ ಗುರುತ್ವದ ಸುಮಾರು ಸಾವಿರ ಪಟ್ಟು. ಪೇಪರ್‌ವೇಟ್ ಯಾಕೆ ಮುಖ್ಯವಾಗಿತ್ತು ಅಂತ ಇಲ್ಲಿ ಅರ್ಥ ಆಗುತ್ತೆ. ಗಿರಾಕಿಗೆ ಮೊದಲ ಕಾರು ಸಿಕ್ಕಿದ್ದು 1921ರಲ್ಲಿ, ಐದು ವರ್ಷದ ಗ್ಯಾರಂಟಿ ಸಮೇತ.

ಲೆ ಮಾನ್‌ನ 24 ಗಂಟೆ ರೇಸ್ 1923ರಲ್ಲಿ ಶುರುವಾದಾಗ ಬೆಂಟ್ಲಿಗೆ ಅದು ಹುಚ್ಚಾಟ ಅನ್ನಿಸಿತ್ತು. ಒಬ್ಬ ಗಿರಾಕಿ, ಜಾನ್ ಡಫ್, ತನ್ನ ಸ್ವಂತ ಕಾರು ತಗೊಂಡು ಹೊರಟರು. ಮುಂದಿನ ಚಕ್ರಕ್ಕೆ ಬ್ರೇಕ್ ಇಲ್ಲದ ಕಾರು, ಕಲ್ಲು ಬಡಿದು ಪೆಟ್ರೋಲ್ ಟ್ಯಾಂಕ್ ತೂತು. ಆದರೂ ನಾಲ್ಕನೇ ಸ್ಥಾನ. ಅದನ್ನು ನೋಡಿದ ಮೇಲೆ ಬೆಂಟ್ಲಿಯ ಮನಸ್ಸು ಪೂರ್ತಿ ಬದಲಾಯಿತು. 1924ರಲ್ಲಿ ಗೆಲುವು. 1927ರಲ್ಲಿ ವೈಟ್ ಹೌಸ್ ತಿರುವಿನಲ್ಲಿ ಮೂರೂ ಬೆಂಟ್ಲಿ ಕಾರುಗಳು ಒಂದಕ್ಕೊಂದು ಗುದ್ದಿಕೊಂಡವು. ಫ್ರೇಮ್ ಬಾಗಿ, ದೀಪ ಒಡೆದ ಒಂದು ಕಾರು ಮಾತ್ರ ಹೇಗೋ ಹೊರಬಂದು ಮರುದಿನ ಗೆದ್ದೇ ಬಿಟ್ಟಿತು. 1928, 1929, 1930ರಲ್ಲೂ ಬೆಂಟ್ಲಿಯೇ. 1929ರಲ್ಲಂತೂ ಮೊದಲ ನಾಲ್ಕು ಸ್ಥಾನವೂ ಅವರದ್ದೇ.

ಈ ಗೆಲುವಿನ ಹಿಂದಿನ ಟ್ಯೂನಿಂಗ್ ಸೂತ್ರ ಬಹಳ ಸರಳ. ಶಕ್ತಿ ಬೇಕಾ, ಇಂಜಿನ್ ದೊಡ್ಡದು ಮಾಡಿ. 3 ಲೀಟರ್ ಸಾಲದಾದಾಗ ನಾಲ್ಕೂವರೆ ಲೀಟರ್. ಅದಕ್ಕೂ ಮೊದಲೇ ಆರು ಸಿಲಿಂಡರಿನ ಆರೂವರೆ ಲೀಟರ್ ಬಂದಿತ್ತು. ಅದು ಅಷ್ಟು ದೊಡ್ಡದಾಗಿದ್ದಕ್ಕೂ ಒಂದು ಕಥೆ ಇದೆ. ಆರು ಸಿಲಿಂಡರಿನ ಮೊದಲ ಮಾದರಿ ನಾಲ್ಕೂಕಾಲು ಲೀಟರಿನದ್ದು. ಅದನ್ನು ಫ್ರಾನ್ಸಿನ ರಸ್ತೆಯಲ್ಲಿ ಪರೀಕ್ಷಿಸುವಾಗ ರೋಲ್ಸ್ ರಾಯ್ಸ್‌ನ ಹೊಸ ಫ್ಯಾಂಟಮ್ ಮಾದರಿ ಎದುರಾಯಿತು. ಎರಡೂ ಗುಟ್ಟಿನ ಕಾರುಗಳು, ಎರಡರಲ್ಲೂ ಗಂಭೀರ ಇಂಜಿನಿಯರುಗಳು, ಮೈಲಿಗಟ್ಟಲೆ ಪಕ್ಕಪಕ್ಕದಲ್ಲಿ ರೇಸು! ರೋಲ್ಸ್ ಕಡೆಯ ಒಬ್ಬರ ಟೋಪಿ ಹಾರಿಹೋದ್ದರಿಂದ ಅದು ನಿಂತಿತು. ಎರಡೂ ಸರಿಸಮ ಅಂತ ಗೊತ್ತಾಗಿದ್ದೇ ತಡ, ಬೆಂಟ್ಲಿ ವಾಪಸ್ ಬಂದು ಇಂಜಿನ್ ಹಿಗ್ಗಿಸಿದರು. ಅದರ ಕ್ಯಾಮ್‌ಶಾಫ್ಟ್ ಓಡಿಸೋಕೆ ಚೈನೂ ಇಲ್ಲ, ಗೇರಿನ ಸಾಲೂ ಇಲ್ಲ. ಉಗಿಬಂಡಿಯ ಚಕ್ರಗಳಿಗಿರುವಂಥ ಮೂರು ಕಪ್ಲಿಂಗ್ ರಾಡ್. ಡಾನ್‌ಕಾಸ್ಟರ್ ಅವರನ್ನು ಬಿಟ್ಟಿರಲಿಲ್ಲ. ಅದೇ ಇಂಜಿನ್‌ಗೆ ಎರಡು ಎಸ್‌ಯು ಕಾರ್ಬುರೇಟರ್ ಹಾಕಿ ಕಂಪ್ರೆಶನ್ ಏರಿಸಿದಾಗ ಸ್ಪೀಡ್ ಸಿಕ್ಸ್ ಆಯಿತು, 180 ಅಶ್ವಶಕ್ತಿ. ಇವತ್ತಿನ ಭಾಷೇಲಿ ಸ್ಟೇಜ್ 1 ಅನ್ನಿ.

ಸರ್ ಹೆನ್ರಿ ಬರ್ಕಿನ್‌ಗೆ ಇಷ್ಟು ಸಾಕಾಗಲಿಲ್ಲ. ಅವರು ಕಂಪನಿಯ ಪರವಾಗಿ ಓಡಿಸುತ್ತಿದ್ದ ಸಿರಿವಂತ ಡ್ರೈವರ್. ಮರ್ಸಿಡಿಸ್ ಸೂಪರ್‌ಚಾರ್ಜರ್ ಹಾಕಿದೆ, ನಾವೂ ಹಾಕೋಣ ಅನ್ನೋದು ಅವರ ವಾದ. ನಾಲ್ಕೂವರೆ ಲೀಟರ್ ಇಂಜಿನ್ ಮುಂದೆ, ಕ್ರ್ಯಾಂಕ್‌ಶಾಫ್ಟ್ ತುದಿಗೇ, ಆಮ್ಹರ್ಸ್ಟ್ ವಿಲ್ಲಿಯರ್ಸ್ ವಿನ್ಯಾಸದ ರೂಟ್ಸ್ ಬ್ಲೋವರ್ ಜೋಡಿಸಿದರು. 110 ಇದ್ದದ್ದು ರಸ್ತೆ ಕಾರಿನಲ್ಲಿ 175 ಆಯಿತು, ರೇಸ್ ಕಾರಿನಲ್ಲಿ 240. ಕಾಗದದ ಮೇಲೆ ಅದ್ಭುತ. ಬೆಂಟ್ಲಿಗೆ ಮಾತ್ರ ಇದು ಇಂಜಿನ್‌ನ ಸ್ವಭಾವಕ್ಕೇ ಮಾಡಿದ ದ್ರೋಹ ಅನ್ನಿಸಿತು. ನಾಲ್ಕು ಸಿಲಿಂಡರಿನ ಪಿಸ್ಟನ್, ಬೇರಿಂಗ್, ವಾಲ್ವ್, ಪ್ಲಗ್ ಎಲ್ಲ ಲೆಕ್ಕ ಹಾಕಿದ್ದು ಅರ್ಧದಷ್ಟು ಶಾಖಕ್ಕೆ. ಹೊರಗಿನಿಂದ ಗಾಳಿ ತುರುಕಿದರೆ ಯಾವುದಾದರೊಂದು ಕಡೆ ಒಡೆಯಲೇಬೇಕು. ಆದರೆ ಹೊತ್ತಿಗೆ ಕಂಪನಿ ಅವರ ಕೈಯಲ್ಲಿರಲಿಲ್ಲ. ಗೆದ್ದ ರೇಸ್‌ಗಳಿಂದ ಸಾಲ ತೀರಲಿಲ್ಲ. 1926ರಲ್ಲೇ ವಜ್ರದ ವ್ಯಾಪಾರಿಯ ಮಗ ವುಲ್ಫ್ ಬಾರ್ನಾಟೊ ದುಡ್ಡು ಹಾಕಿ ಅಧ್ಯಕ್ಷರಾಗಿದ್ದರು. ಬಾರ್ನಾಟೊ ಹೂಂ ಅಂದರು, ಬ್ಲೋವರ್ ಬಂತು.

1930ರ ಲೆ ಮಾನ್‌ನಲ್ಲಿ ಬರ್ಕಿನ್ ಬ್ಲೋವರ್‌ನಲ್ಲಿ ಕರಾಚಿಯೊಲಾ ಅವರ ಮರ್ಸಿಡಿಸ್ಸನ್ನು ಅಟ್ಟಿಸಿಕೊಂಡು ಹೋಗಿದ್ದು ಇವತ್ತಿಗೂ ದಂತಕಥೆ. ಅತಿ ವೇಗದ ಸುತ್ತೂ ಅವರದ್ದೇ. ಆದರೆ ಮರ್ಸಿಡಿಸ್ ನಿಂತಿತು, ಬ್ಲೋವರ್‌ಗಳೂ ನಿಂತವು. ಗೆದ್ದಿದ್ದು ಬ್ಲೋವರ್ ಇಲ್ಲದ ಸ್ಪೀಡ್ ಸಿಕ್ಸ್, ಓಡಿಸಿದವರಲ್ಲಿ ಒಬ್ಬರು ಸ್ವತಃ ಬಾರ್ನಾಟೊ. ಬ್ಲೋವರ್ ಬೆಂಟ್ಲಿ ಒಂದೇ ಒಂದು ದೊಡ್ಡ ರೇಸನ್ನೂ ಗೆಲ್ಲಲಿಲ್ಲ. ಹಾಗಂತ ಬೆಂಟ್ಲಿಯೇ ಸರಿ ಅಂತ ತೀರ್ಪು ಕೊಡೋಕೆ ನನಗೆ ಧೈರ್ಯ ಇಲ್ಲ. ಸೂಪರ್‌ಚಾರ್ಜರ್ ತಪ್ಪಲ್ಲ, ಅದಕ್ಕಾಗಿ ಹುಟ್ಟದ ಇಂಜಿನ್‌ಗೆ ಅದನ್ನು ಕಟ್ಟಿದ್ದು ತಪ್ಪು ಇರಬಹುದು. ಇಂಜಿನ್ ಹಿಗ್ಗಿಸುತ್ತಾ ಹೋಗೋ ಅವರ ದಾರಿಗೂ ಮಿತಿ ಇತ್ತು. ತೂಕ, ಬೆಲೆ ಎರಡೂ ಏರುತ್ತೆ.

ಅದೇ ಅವರನ್ನು ಮುಳುಗಿಸಿತು. 1930ರ ಅಕ್ಟೋಬರಿನಲ್ಲಿ ಬಂದ 8 ಲೀಟರ್ ನನ್ನ ಲೆಕ್ಕದಲ್ಲಿ ಅವರ ಅತ್ಯುತ್ತಮ ಕಾರು. ಸ್ಟ್ರೋಕ್ 140 ಹಾಗೇ ಇಟ್ಟು ಬೋರ್ 100ರಿಂದ 110 ಮಾಡಿದರು, ಅಷ್ಟರಲ್ಲೇ 7,983 ಸಿಸಿ. ಭಾರವಾದ ಸಲೂನ್ ಬಾಡಿ ಹೊತ್ತುಕೊಂಡೂ ಗಂಟೆಗೆ 100 ಮೈಲಿ, ಒಳಗೆ ಕೂತವರಿಗೆ ಸದ್ದಿಲ್ಲ. ಐಷಾರಾಮಿ ಸ್ಪೋರ್ಟ್ಸ್ ಸೆಡಾನ್ ಅಂತ ಇವತ್ತು ಏನಂತೀವೋ ಅದು ಇದೇ. ಬರೀ ಚಾಸಿಗೆ 1,850 ಪೌಂಡ್. ಆದರೆ ಆಗ ಜಗತ್ತೇ ಆರ್ಥಿಕ ಕುಸಿತದಲ್ಲಿತ್ತು. ನೂರು ಕಾರು ತಯಾರಾದವು, ಅಷ್ಟೇ. 1931ರಲ್ಲಿ ಬಾರ್ನಾಟೊ ಇನ್ನು ದುಡ್ಡು ಹಾಕಲ್ಲ ಅಂದುಬಿಟ್ಟರು. ಕಂಪನಿ ರಿಸೀವರ್ ಕೈಗೆ ಹೋಯಿತು.

ನೇಪಿಯರ್ ಕಂಪನಿ ಕೊಳ್ಳೋದು ಹೆಚ್ಚುಕಡಿಮೆ ಪಕ್ಕಾ ಆಗಿತ್ತು. ಬೆಂಟ್ಲಿ ಅವರಿಗಾಗಿ ಹೊಸ ಕಾರಿನ ನಕ್ಷೆಗೂ ಕೂತಿದ್ದರು. ಕೋರ್ಟಿನಲ್ಲಿ ಕೊನೆ ಗಳಿಗೆಗೆ ಯಾರೂ ಕೇಳರಿಯದ ಒಂದು ಟ್ರಸ್ಟ್ ಹೆಚ್ಚು ಬೆಲೆ ಕೂಗಿ ಗೆದ್ದುಕೊಂಡಿತು. ಅದರ ಹಿಂದಿದ್ದವರು ರೋಲ್ಸ್ ರಾಯ್ಸ್ ಅಂತ ಆಮೇಲೆ ಗೊತ್ತಾಯಿತು. 8 ಲೀಟರಿನಂಥ ಪ್ರತಿಸ್ಪರ್ಧಿ ಇರಬಾರದು ಅನ್ನೋದಷ್ಟೇ ಅವರ ಲೆಕ್ಕ. ಅದರ ತಯಾರಿಕೆ ನಿಂತೇಹೋಯಿತು. ಕಂಪನಿ ಜೊತೆ ಮಾಡಿಕೊಂಡಿದ್ದ ಕರಾರಿನಿಂದಾಗಿ ಡಬ್ಲ್ಯೂ.ಓ. ಕೂಡ ಪಟ್ಟಿಯಲ್ಲಿನ ಮಶೀನುಗಳಂತೆ ಅವರ ಸೊತ್ತಾದರು. ಅವರ ಸ್ವಂತ 8 ಲೀಟರ್ ಕಾರೂ ಹೋಯಿತು. ಡ್ರಾಯಿಂಗ್ ಬೋರ್ಡ್ ಹತ್ತಿರ ಬಿಡಲಿಲ್ಲ. ಕಾರು ಓಡಿಸಿ ಪರೀಕ್ಷಿಸೋ ಕೆಲಸ, ಗಿರಾಕಿಗಳ ಜೊತೆ ಮಾತು. ಅಲ್ಯೂಮಿನಿಯಂ ಪಿಸ್ಟನ್ ಕಲಿಸಿಕೊಟ್ಟ ಮನುಷ್ಯನಿಗೆ!

1935ರಲ್ಲಿ ಕರಾರು ಮುಗಿದ ಕೂಡಲೇ ಲಗೊಂಡ ಕಂಪನಿಗೆ ಹೋದರು. ನಾಲ್ಕೂವರೆ ಲೀಟರಿನ ವಿ12 ಇಂಜಿನ್, 180 ಅಶ್ವಶಕ್ತಿ. 1939ರ ಲೆ ಮಾನ್‌ನಲ್ಲಿ ಮೂರು ಮತ್ತು ನಾಲ್ಕನೇ ಸ್ಥಾನ. ಯುದ್ಧದ ನಂತರ 2.6 ಲೀಟರಿನ ಆರು ಸಿಲಿಂಡರ್, ಎರಡು ಕ್ಯಾಮ್‌ಶಾಫ್ಟ್ ಇಂಜಿನ್ ಮಾಡಿಸಿದರು. ಆ ಕಾರನ್ನು ಲಗೊಂಡ-ಬೆಂಟ್ಲಿ ಅಂತ ಕರೆಯಲು ಹೋದಾಗ ರೋಲ್ಸ್ ರಾಯ್ಸ್ ಕೋರ್ಟಿಗೆ ಹೋಗಿ ಗೆದ್ದಿತು. ಅಂದರೆ ಬೆಂಟ್ಲಿ ಮಾಡಿದ ಕಾರಿಗೆ ಬೆಂಟ್ಲಿ ಅಂತ ಹೆಸರಿಡೋ ಹಾಗಿಲ್ಲ.

1947ರಲ್ಲಿ ಡೇವಿಡ್ ಬ್ರೌನ್ ಲಗೊಂಡವನ್ನು ಕೊಂಡಿದ್ದಕ್ಕೆ ಮುಖ್ಯ ಕಾರಣವೇ ಈ ಇಂಜಿನ್. ಅದು ಆಸ್ಟನ್ ಮಾರ್ಟಿನ್ ಡಿಬಿ2 ಒಳಗೆ ಹೋಯಿತು. ಮೊದಲು 105 ಅಶ್ವಶಕ್ತಿ, ಕಂಪ್ರೆಶನ್ 6.5ರಿಂದ 8.2ಕ್ಕೆ ಏರಿಸಿ ದೊಡ್ಡ ಕಾರ್ಬುರೇಟರ್ ಹಾಕಿದಾಗ 125. ಆ ಆವೃತ್ತಿಗೆ ಇಟ್ಟ ಹೆಸರು ವಾಂಟೇಜ್. ಆಸ್ಟನ್‌ನ ಕಾರುಗಳ ಮೇಲೆ ಇವತ್ತೂ ಅದೇ ಹೆಸರಿದೆ. ಆಮೇಲೆ ಇದೇ ಇಂಜಿನ್ 2.9 ಲೀಟರ್ ಆಗಿ 1950ರ ದಶಕ ಪೂರ್ತಿ ಬಾಳಿತು.

ಕೊನೆಯ ವರ್ಷಗಳಲ್ಲಿ ಅವರು ಓಡಿಸ್ತಿದ್ದದ್ದು ಪುಟ್ಟ ಮಾರಿಸ್ ಮೈನರ್. ಹಳೇ ಬೆಂಟ್ಲಿಗಳ ಮಾಲೀಕರ ಸಂಘದವರು ಅವರನ್ನು ದೇವರ ಹಾಗೆ ನೋಡಿಕೊಂಡರು. ಅವರು 1971ರ ಆಗಸ್ಟ್ 13ರಂದು, 82ನೇ ವಯಸ್ಸಿನಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ.

ಹನ್ನೊಂದು ವರ್ಷದ ನಂತರ, 1982ರಲ್ಲಿ, ಬೆಂಟ್ಲಿ ಹೆಸರಿನ ಸಲೂನ್‌ಗೆ ಟರ್ಬೊ ಬಂತು. 2005ರ ಫ್ಲೈಯಿಂಗ್ ಸ್ಪರ್‌ನಲ್ಲಿ 6 ಲೀಟರಿನ ಡಬ್ಲ್ಯೂ12ಗೆ ಎರಡೆರಡು ಟರ್ಬೊ. ಇತ್ತೀಚೆಗೆ ಕಂಪನಿ ತನ್ನ ಇತಿಹಾಸದಿಂದ ಒಂದು ಕಾರನ್ನು ಬೋಲ್ಟು ಬೋಲ್ಟಾಗಿ ಅಳೆದು ಮತ್ತೆ ಹನ್ನೆರಡು ಹೊಸದಾಗಿ ಕಟ್ಟಿ ಮಾರಿತು. ಲೆ ಮಾನ್ ಗೆದ್ದ ಸ್ಪೀಡ್ ಸಿಕ್ಸ್ ಮೊದಲ ಆಯ್ಕೆ ಆಗಿರುತ್ತೆ ಅಂದ್ಕೊಂಡ್ರೆ, ಇಲ್ಲ. ಮೊದಲು ಆರಿಸಿದ್ದು ಬ್ಲೋವರ್‌ನ.