ಗೊಟ್‌ಲೋಬ್ ಫ್ರೇಗೆ: ಭೇದಾಭೇದಗಳಿಗೊಂದು ಲಿಪಿ

ಎರಡು ಹೆಸರುಗಳಿಂದ ಕರೆಯಲ್ಪಡುವ ವಸ್ತು ಒಂದೇ ಎಂದು ಅರಿಯುವುದೂ ಒಂದು ಜ್ಞಾನ. ಆ ಜ್ಞಾನದ ಸ್ವರೂಪವನ್ನು ಶಬ್ದಾರ್ಥಚಿಂತಕರು ಬಹುಕಾಲದಿಂದ ವಿಚಾರಿಸುತ್ತ ಬಂದಿದ್ದಾರೆ. ಅದನ್ನು ಗಣಿತದಷ್ಟು ನಿಷ್ಕೃಷ್ಟವಾದ ಲಿಪಿಯಲ್ಲಿ ಹಿಡಿಯಲು ಜೀವಮಾನವನ್ನೇ ಸವೆಸಿದವರು ಜರ್ಮನಿಯ ಗೊಟ್‌ಲೋಬ್ ಫ್ರೇಗೆಯವರು.

ಫ್ರೇಗೆಯವರು 1848ರ ನವೆಂಬರ್ 8ರಂದು ಬಾಲ್ಟಿಕ್ ಸಮುದ್ರತೀರದ ವಿಸ್ಮಾರ್ ಪಟ್ಟಣದಲ್ಲಿ ಜನಿಸಿದರು. ತಂದೆ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯಸ್ಥರು. ಮಕ್ಕಳಿಗಾಗಿ ಜರ್ಮನ್ ಭಾಷೆಯ ಪಠ್ಯಪುಸ್ತಕವನ್ನು ರಚಿಸಿದವರು. 1866ರಲ್ಲಿ ಅವರು ತೀರಿಕೊಳ್ಳಲು, ತಾಯಿಯೇ ಆ ಶಾಲೆಯ ಭಾರವನ್ನು ಹೊತ್ತರು. ಫ್ರೇಗೆಯವರು ಯೇನಾ ಮತ್ತು ಗಟಿಂಗೆನ್ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗಮಾಡಿ, 1873ರಲ್ಲಿ ಡಾಕ್ಟರೇಟ್ ಪದವಿ ಪಡೆದು, 1874ರಿಂದ 1918ರವರೆಗೆ ಯೇನಾದಲ್ಲಿಯೇ ಗಣಿತವನ್ನು ಬೋಧಿಸಿದರು.

1879ರಲ್ಲಿ ಅವರ 'ಬೆಗ್ರಿಫ್ಸ್‌ಶ್ರಿಫ್ಟ್', ಎಂದರೆ 'ಪರಿಕಲ್ಪನೆಗಳ ಲಿಪಿ', ಪ್ರಕಟವಾಯಿತು. ಆ ಬರಹ ಸಾಲಿನಲ್ಲಿ ಹರಿಯದೆ ಕೊಂಬೆಗಳಂತೆ ಪುಟದ ಮೇಲಿಂದ ಕೆಳಕ್ಕೂ ಹಬ್ಬುತ್ತದೆ. ಒಂದು ವಿಷಯವನ್ನು ಮನಸ್ಸಿಗೆ ತಂದುಕೊಳ್ಳುವುದು ಬೇರೆ, ಅದು ನಿಜವೆಂದು ನಿರ್ಣಯಿಸುವುದು ಬೇರೆ. ಈ ಭೇದವನ್ನು ಅವರು ಒಂದು ನಿಲುಗೆರೆಯಿಂದ ತೋರಿಸಿದರು. ಅಭೇದಕ್ಕೆ ಮೂರು ಅಡ್ಡಗೆರೆಗಳ ಚಿಹ್ನೆಯನ್ನಿಟ್ಟು, ಅದು ಹೆಸರುಗಳೊಳಗಿನ ಸಂಬಂಧವೆಂದರು. ಸಮಕಾಲೀನ ವಿದ್ವಾಂಸರು ಈ ಲಿಪಿಯನ್ನು ಆದರಿಸಲಿಲ್ಲ.

1892ರ ಪ್ರಬಂಧದಲ್ಲಿ ಅವರು ತಮ್ಮ ಮತವನ್ನೇ ತಿದ್ದಿಕೊಂಡರು. ಬೆಳಗಿನ ಚುಕ್ಕಿಯೂ ಸಂಜೆಯ ಚುಕ್ಕಿಯೂ ಶುಕ್ರಗ್ರಹವೇ. ಅಭೇದವು ಬರಿಯ ಹೆಸರುಗಳ ಮಾತಾದರೆ, ಇದನ್ನರಿತವನಿಗೆ ಆಕಾಶದ ವಿಷಯವಾಗಿ ಹೊಸತೇನೂ ತಿಳಿದಂತಾಗದು. ಆದುದರಿಂದ ಪ್ರತಿಯೊಂದು ಹೆಸರಿಗೂ ಅದು ನಿರ್ದೇಶಿಸುವ ವಸ್ತು ಒಂದು, ಆ ವಸ್ತು ತೋರಿಬರುವ ಬಗೆ ಇನ್ನೊಂದು ಎಂದು ವಿಂಗಡಿಸಿದರು. ಎರಡು ಚುಕ್ಕಿಗಳೂ ಒಂದೇ ಎಂದರಿಯದವನ ನಂಬಿಕೆಯನ್ನು ಹೇಳುವಾಗ, ಒಂದು ಹೆಸರಿನ ಸ್ಥಾನದಲ್ಲಿ ಇನ್ನೊಂದನ್ನಿಟ್ಟರೆ ಮಾತು ಸುಳ್ಳಾಗಬಹುದು. ಅಲ್ಲಿ ಹೆಸರು ನಿರ್ದೇಶಿಸುವುದು ಗ್ರಹವನ್ನಲ್ಲ, ಅದು ತೋರುವ ಬಗೆಯನ್ನು ಎಂಬುದು ಅವರ ಸಿದ್ಧಾಂತ.

ಅಂಕಗಣಿತವನ್ನೆಲ್ಲ ತರ್ಕದ ತಳಹದಿಯ ಮೇಲೆ ಕಟ್ಟುವ ಮಹಾಗ್ರಂಥದ ಮೊದಲ ಸಂಪುಟ 1893ರಲ್ಲಿ ಹೊರಬಂದಿತು. ಎರಡನೆಯದು ಅಚ್ಚಿನಲ್ಲಿದ್ದಾಗ, 1902ರ ಜೂನ್ 16ರಂದು, ಇಂಗ್ಲೆಂಡಿನ ತರುಣ ಬರ್ಟ್ರಂಡ್ ರಸೆಲ್ಲರು ಅವರಿಗೊಂದು ಪತ್ರ ಬರೆದರು. ತನ್ನನ್ನು ತಾನು ಒಳಗೊಳ್ಳದ ವರ್ಗಗಳೆಲ್ಲ ಸೇರಿದ ವರ್ಗವು ತನ್ನನ್ನು ಒಳಗೊಳ್ಳುವುದೇ ಎಂಬ ಪ್ರಶ್ನೆಗೆ, ಹೌದೆಂದರೂ ಅಲ್ಲವೆಂದರೂ ವಿರೋಧವೇ ಬರುತ್ತಿತ್ತು. ದೋಷವಿದ್ದದ್ದು ವರ್ಗಗಳೆರಡು ಯಾವಾಗ ಒಂದೇ ಎಂಬುದನ್ನು ವಿಧಿಸುವ ಐದನೆಯ ನಿಯಮದಲ್ಲಿ. ಅಭೇದದ ನಿಯಮವೇ ಕುಸಿದಿತ್ತು. ಫ್ರೇಗೆಯವರು ಅದನ್ನು ಮರೆಮಾಚಲಿಲ್ಲ. ಆರೇ ದಿನಗಳಲ್ಲಿ ಉತ್ತರ ಬರೆದು ದೋಷವನ್ನೊಪ್ಪಿದರು. 1903ರಲ್ಲಿ ಪ್ರಕಟವಾದ ಸಂಪುಟಕ್ಕೆ ಅನುಬಂಧವನ್ನು ಸೇರಿಸಿ ಲೋಕಕ್ಕೂ ತಿಳಿಸಿದರು.

1904ರಲ್ಲಿ ಪತ್ನೀವಿಯೋಗವಾಯಿತು. ದತ್ತುಪುತ್ರ ಆಲ್ಫ್ರೆಡನನ್ನು ಸಾಕಿ ಬೆಳೆಸಿದರು. 1911ರಲ್ಲಿ ತಮ್ಮನ್ನರಸಿ ಬಂದ ವಿಟ್‌ಗೆನ್‌ಸ್ಟೈನರನ್ನು ರಸೆಲ್ಲರ ಬಳಿಗೇ ಕಳುಹಿದ ಔದಾರ್ಯ ಅವರದು. ಆದರೆ 1924ರ ದಿನಚರಿಯಲ್ಲಿ ಯೆಹೂದ್ಯರ ವಿಷಯದಲ್ಲಿ ತೋರಿದ ದ್ವೇಷ ಈ ಚರಿತ್ರೆಗೆ ಕಳಂಕವೇ ಸರಿ. ಪದಗಳ ಭೇದಾಭೇದವನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣು ಮನುಷ್ಯರ ಅಭೇದವನ್ನು ಕಾಣದೆ ಹೋಯಿತು.

1925ರ ಜುಲೈ 26ರಂದು ಅವರು ಬಾಟ್ ಕ್ಲೈನೆನ್‌ನಲ್ಲಿ ಕಾಲವಾದರು. ಮಗನಿಗೆ ಒಪ್ಪಿಸಿಹೋದ ಹಸ್ತಪ್ರತಿಗಳು 1945ರಲ್ಲಿ ಮ್ಯೂನ್‌ಸ್ಟರ್ ನಗರದ ಮೇಲೆ ನಡೆದ ಬಾಂಬುದಾಳಿಯಲ್ಲಿ ನಾಶವಾದವು. ಪ್ರತಿಮಾಡಿಟ್ಟ ಕೆಲವು ಮಾತ್ರ ಉಳಿದವು. ಬದುಕಿದ್ದಾಗ ಕೆಲವರೇ ಓದಿದ ಆ ಗ್ರಂಥಗಳಿಂದ ಇಂದಿನ ತರ್ಕಶಾಸ್ತ್ರ ಮೊದಲಾಗುತ್ತದೆ. ತನ್ನ ತಪ್ಪನ್ನು ತನ್ನ ಪುಸ್ತಕದಲ್ಲಿಯೇ ಅಚ್ಚುಹಾಕಿಸಿದ ಆ ಉಪಾಧ್ಯಾಯರ ಸತ್ಯನಿಷ್ಠೆ ಕಲಿಯುವವರಿಗೂ ಕಲಿಸುವವರಿಗೂ ಅನುಕರಣೀಯವಾಗಿದೆ.