ಮುಖಕ್ಕೆ ಹತ್ತಿರವಾದವಳು

ಇಳಕಲ್ಲಿನ ವೃದ್ಧ ನೇಕಾರರೊಬ್ಬರಿಗೆ ನಾನು ತೆಗೆದ ಮೊದಲ ಭಾವಚಿತ್ರವನ್ನು ತೋರಿಸಿದೆ. ಮಗ್ಗ ಮೂಡಿದೆ, ತಾವು ಮೂಡಿಲ್ಲವೆಂದರು. ಮಾತು ಚುಚ್ಚಿತು, ಜೂಲಿಯಾ ಮಾರ್ಗರೆಟ್ ಕ್ಯಾಮರನ್ ನೆನಪಾದಳು.

1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಆಕೆಗೆ, ಇಂಗ್ಲೆಂಡಿನಲ್ಲಿ ಮಗಳು ಮತ್ತು ಅಳಿಯ ಕ್ಯಾಮೆರಾ ಕೊಟ್ಟಾಗ ವಯಸ್ಸು 48. ಮೊದಲು ಕುಳಿತವನು ಒಬ್ಬ ರೈತ. ಗಾಜಿನ ಲೇಪಕ್ಕೆ ತನ್ನ ಕೈಯೇ ತಗುಲಿ ಆ ಚಿತ್ರ ಅಳಿಸಿಹೋಯಿತು. 1864ರ ಜನವರಿಯಲ್ಲಿ ಬಾಲಕಿಯೊಬ್ಬಳ ಮುಖ ಕೈಗೂಡಿತು. ಚಿತ್ರಗಳು ಮಸುಕೆಂದೂ ಕೆಲಸ ಒರಟೆಂದೂ ಛಾಯಾಗ್ರಹಣದ ಪತ್ರಿಕೆಗಳು ಹಳಿದವು. ಆಕೆ ಮಸುಕನ್ನು ಬಿಡಲಿಲ್ಲ. ಮುಖಕ್ಕೆ ಇನ್ನೂ ಹತ್ತಿರವಾದಳು. 1867ರಲ್ಲಿ ತೆಗೆದ ವಿಜ್ಞಾನಿ ಹರ್ಷೆಲ್ಲನ ಭಾವಚಿತ್ರ ಇಂದಿಗೂ ಪ್ರಸಿದ್ಧ. 1879ರಲ್ಲಿ ಸಿಂಹಳದಲ್ಲಿ ತೀರಿಕೊಂಡಳು.

ಎಲ್ಲ ಟೀಕೆಯನ್ನೂ ಒಪ್ಪಬೇಕಿಲ್ಲ. ಆದರೆ ಎದುರು ಕುಳಿತವನ ದೂರನ್ನು ತಳ್ಳಲಾಗದು. ನಾನು ನೇಕಾರರನ್ನು ಬಾಗಿಲ ಬೆಳಕಿಗೆ ಕರೆದು, ಮಗ್ಗವನ್ನು ಬಿಟ್ಟು, ಹತ್ತಿರ ಸರಿದೆನು.